ಅಶ್ವಶಕ್ತಿಯ ಲೆಕ್ಕ ಮತ್ತು ಘಾಟಿಯ ಏರು

ಕೆದಂಬಾಡಿಯ ಕೃಷಿಕರೊಬ್ಬರು ಅಡಿಕೆ ಮಾರಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ಬೈಕ್ ಕೊಳ್ಳಲು ಪುತ್ತೂರು ಪೇಟೆಗೆ ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಮಳಿಗೆಯಲ್ಲಿ ಅವರ ಕೈಗೆ ಎರಡು ಕರಪತ್ರಗಳು ಬರುತ್ತವೆ. ಕಂಪನಿ ಒಂದೇ, ಎಂಜಿನ್ನಿನ ಗಾತ್ರವೂ ಒಂದೇ. ಅಶ್ವಶಕ್ತಿ ಮಾತ್ರ ಬೇರೆ ಬೇರೆ. ಹೆಚ್ಚು ಅಶ್ವಶಕ್ತಿಯ ಬೈಕೇ ಮೇಲೆಂದು ಅವರು ತೀರ್ಮಾನಿಸಿದರೆ ತಪ್ಪು ಹೇಳುವಂತಿಲ್ಲ. ಆದರೆ ಹಿಂಬದಿಗೆ ಗೋಣಿಚೀಲ ಕಟ್ಟಿಕೊಂಡು ತೋಟದ ಮಣ್ಣುದಾರಿ ಏರುವಾಗ ಆ ಅಂಕಿ ಅವರ ನೆರವಿಗೆ ಬರುವುದೇ ಎಂಬುದು ಬೇರೆಯೇ ಪ್ರಶ್ನೆ.

ಈ ಒಗಟು ಹೊಸದೇನಲ್ಲ. ಪುತ್ತೂರಿನಿಂದ ಸುಳ್ಯ, ಸಂಪಾಜೆ, ಮಡಿಕೇರಿಗಳನ್ನು ಹಾದು ಹೋಗುವ ಹೆದ್ದಾರಿ ಮೈಸೂರು ಸೇರುತ್ತದೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೋಟರ್ ಸೈಕಲ್‌ಗಳನ್ನು ತಯಾರಿಸಿತು. ಅದರ ಹಳೆಯ ಜಾವಾ 250 ಸುಮಾರು 12 ಅಶ್ವಶಕ್ತಿಯದು. ಅದೇ ಮನೆತನದ ಯೆಜ್ಡಿ ರೋಡ್‌ಕಿಂಗ್ ಸುಮಾರು 16ರದು. ಎರಡೂ 250 ಸಿಸಿ ವರ್ಗದ ಟೂ ಸ್ಟ್ರೋಕ್ ಎಂಜಿನ್‌ಗಳೇ. ಇಂಥ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಕಿಂಡಿಗಳು ಎಷ್ಟು ಎತ್ತರದಲ್ಲಿವೆ, ಎಷ್ಟು ಹೊತ್ತು ತೆರೆದಿರುತ್ತವೆ, ಹೊಗೆ ಕೊಳವೆಯ ಆಕಾರವೇನು ಎಂಬುದರ ಮೇಲೆ ಶಕ್ತಿ ನಿರ್ಧಾರವಾಗುತ್ತದೆ. ಗಾತ್ರ ಹೇಳುವುದು ಎಂಜಿನ್ನಿನ ಹೊಟ್ಟೆ ಎಷ್ಟು ದೊಡ್ಡದೆಂಬುದನ್ನಷ್ಟೇ. ಅದು ಎಷ್ಟು ಚೆನ್ನಾಗಿ ಉಸಿರಾಡುತ್ತದೆಂಬುದನ್ನಲ್ಲ.

2022ರಲ್ಲಿ ಯೆಜ್ಡಿ ಹೆಸರು ಹೊಸ ಒಡೆತನದಲ್ಲಿ ಮರಳಿ ಬಂದಾಗಲೂ ಇದೇ ಕಥೆ. ಮೂರು ಮಾದರಿಗಳಿಗೂ 334 ಸಿಸಿಯ ಎಂಜಿನ್. ಆದರೂ ಸ್ಕ್ರಾಂಬ್ಲರ್‌ಗೆ 29.1, ರೋಡ್‌ಸ್ಟರ್‌ಗೆ 29.7, ಅಡ್ವೆಂಚರ್‌ಗೆ 30.2 ಪಿಎಸ್ ಎಂದು ಘೋಷಿಸಲಾಯಿತು. ಗಾಳಿ ಒಳಬರುವ ಪೆಟ್ಟಿಗೆ, ಹೊಗೆ ಕೊಳವೆ, ಇಂಧನವನ್ನು ಅಳೆದು ಕೊಡುವ ಗಣಕದ ಲೆಕ್ಕಾಚಾರ ಇವುಗಳಲ್ಲಿ ಯಾವುದು ಬದಲಾದರೂ ಅಂಕಿ ಹೀಗೆ ಸ್ವಲ್ಪ ಅತ್ತಿತ್ತ ಸರಿಯುತ್ತದೆ.

ಅಷ್ಟಕ್ಕೂ ಅಶ್ವಶಕ್ತಿ ಎಂದರೇನು? ಎಂಜಿನ್ನಿನ ತಿರುಚು ಬಲವನ್ನು, ಅಂದರೆ ಟಾರ್ಕನ್ನು, ಅದರ ವೇಗದಿಂದ ಗುಣಿಸಿದಾಗ ಬರುವ ಫಲವೇ ಅದು. 20 ನ್ಯೂಟನ್ ಮೀಟರ್ ಟಾರ್ಕ್ ಇರುವ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸುಮಾರು 8.5 ಪಿಎಸ್, ಅದೇ ಟಾರ್ಕನ್ನು 9,000 ಸುತ್ತಿನಲ್ಲೂ ಉಳಿಸಿಕೊಂಡರೆ ಸುಮಾರು 25.6 ಪಿಎಸ್. ಕರಪತ್ರದಲ್ಲಿ ಅಚ್ಚಾಗುವುದು ತುತ್ತತುದಿಯ ಅಂಕಿ ಮಾತ್ರ. ನಮ್ಮ ಕೃಷಿಕರು ಎರಡನೇ ಗೇರಿನಲ್ಲಿ ಗುಡ್ಡ ಹತ್ತುವಾಗ ಎಂಜಿನ್ ಆ ತುದಿಯ ಸಮೀಪಕ್ಕೂ ಹೋಗಿರುವುದಿಲ್ಲ. ಕೆಳವೇಗದಲ್ಲೇ ಬಲ ಕೊಡುವಂತೆ ಹದಗೊಳಿಸಿದ ಬೈಕ್, ಕಾಗದದ ಮೇಲೆ ಒಂದೆರಡು ಅಶ್ವಶಕ್ತಿ ಕಡಿಮೆಯಿದ್ದರೂ, ಅವರಿಗೆ ಹೆಚ್ಚು ಉಪಕಾರಿ.

ಇನ್ನು ಶಕ್ತಿಯನ್ನು ಬೇಕೆಂದೇ ತಗ್ಗಿಸುವುದೂ ಉಂಟು. 1980ರ ದಶಕದಲ್ಲಿ ಬಂದ ರಾಜದೂತ್ 350 ಮೊದಲು ಸುಮಾರು 30.5 ಅಶ್ವಶಕ್ತಿಯ ‘ಹೈ ಟಾರ್ಕ್’ ಬೈಕಾಗಿತ್ತು. ಬಳಿಕದ ‘ಲೋ ಟಾರ್ಕ್’ ಮಾದರಿಯಲ್ಲಿ ಅದು ಸುಮಾರು 27ಕ್ಕೆ ಇಳಿಯಿತು. ಐರೋಪ್ಯ ಒಕ್ಕೂಟದಲ್ಲಿ ‘ಎ2’ ಪರವಾನಗಿಯವರು 35 ಕಿಲೋವ್ಯಾಟ್ ಮೀರಿದ ಬೈಕ್ ಓಡಿಸುವಂತಿಲ್ಲ; ಅದಕ್ಕಾಗಿ ದೊಡ್ಡ ಬೈಕ್‌ಗಳ ಶಕ್ತಿ ಕುಗ್ಗಿಸಿದ ಆವೃತ್ತಿಗಳೂ ಅಲ್ಲಿ ಮಾರಾಟವಾಗುತ್ತವೆ. ಹೊಸೂರಿನ ಟಿವಿಎಸ್ ಕಂಪನಿಯ ಅಪಾಚೆ ಆರ್‌ಆರ್ 310ರ 2020ರ ಮಾದರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಟ್ರ್ಯಾಕ್ ವಿಧಾನದಲ್ಲಿ 34 ಪಿಎಸ್ ಕೊಡುವ ಬೈಕ್, ಮಳೆಯ ವಿಧಾನಕ್ಕೆ ಬದಲಿಸಿದೊಡನೆ 25.8ಕ್ಕೆ ಇಳಿಯುತ್ತದೆ. ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಿಲ್ಲ.

ಹೊಗೆಯ ನಿಯಮಗಳೂ ಅಂಕಿಯನ್ನು ತಿದ್ದುತ್ತವೆ. ಹೀರೊ ಸ್ಪ್ಲೆಂಡರ್ ಪ್ಲಸ್ ಬಿಎಸ್-4 ಕಾಲದಲ್ಲಿ 8.36 ಪಿಎಸ್ ಇತ್ತು. 2020ರಲ್ಲಿ ಬಿಎಸ್-6 ಜಾರಿಯಾದಾಗ 8.02 ಆಯಿತು. ಈ 8.02 ಪಿಎಸ್ ಅನ್ನೇ ಬೇರೆ ಪಟ್ಟಿಗಳಲ್ಲಿ 7.91 ಬಿಎಚ್‌ಪಿ ಎಂದು ಕಾಣಬಹುದು. ಬೈಕ್ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಒಂದು ಪಿಎಸ್ ಎಂದರೆ 735.5 ವ್ಯಾಟ್, ಬ್ರಿಟಿಷ್ ಅಶ್ವಶಕ್ತಿ ಎಂದರೆ 745.7 ವ್ಯಾಟ್. ಒಂದು ಕರಪತ್ರದ ಪಿಎಸ್ಸನ್ನು ಇನ್ನೊಂದರ ಬಿಎಚ್‌ಪಿಯೊಡನೆ ಹೋಲಿಸುವವರು, ಸೇರಿನಲ್ಲಿ ಅಳೆದದ್ದನ್ನು ಲೀಟರಿನೊಂದಿಗೆ ತಾಳೆ ನೋಡಿದಂತೆ.

ಜತೆಗೆ, ಘೋಷಿತ ಶಕ್ತಿಯನ್ನು ಅಳೆಯುವುದು ಎಂಜಿನ್ನಿನ ದಂಡದಲ್ಲಿ. ಗೇರು, ಸರಪಳಿಗಳನ್ನು ದಾಟಿ ಚಕ್ರ ತಲುಪುವಷ್ಟರಲ್ಲಿ ಅದರಲ್ಲೊಂದು ಪಾಲು ಸವೆದಿರುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಗೊತ್ತುಪಡಿಸಿದ ಉಷ್ಣಾಂಶ, ವಾಯು ಒತ್ತಡಗಳಿಗೆ ಹೊಂದಿಸಿ ಪ್ರಕಟಿಸುತ್ತಾರೆ. ಸಂಪಾಜೆ ಘಾಟಿ ಏರಿ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ಮುಟ್ಟುವಾಗ ಗಾಳಿ ತೆಳುವಾಗಿ, ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಮಾಯವಾಗಿರುತ್ತದೆ.

ಹಾಗಾದರೆ ಕಂಪನಿಗಳು ಸುಳ್ಳು ಹೇಳುತ್ತಿವೆಯೇ? ಇಲ್ಲ. ಆದರೆ ಒಂದೇ ಅಂಕಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಉಳಿದುದನ್ನು ಮರೆಯಲ್ಲಿಡುವುದು ಗ್ರಾಹಕನಿಗೆ ಮಾಡುವ ನ್ಯಾಯವಲ್ಲ. ಪ್ರತಿಯೊಂದು ಕಂಪನಿಯ ಬಳಿಯೂ ಯಾವ ವೇಗದಲ್ಲಿ ಎಷ್ಟು ಟಾರ್ಕ್ ಎಂದು ತೋರಿಸುವ ರೇಖಾಚಿತ್ರ ಇದ್ದೇ ಇರುತ್ತದೆ. ಅದನ್ನು ಕಿಲೋವ್ಯಾಟ್ ಅಳತೆಯೊಂದಿಗೆ ಕರಪತ್ರದಲ್ಲಿ ಕನ್ನಡದಲ್ಲೇ ಮುದ್ರಿಸುವುದು ಕಡ್ಡಾಯವಾಗಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ.

ಅಲ್ಲಿಯವರೆಗೆ ಕೊಳ್ಳುವವರು ಎರಡು ಮಾತು ಕೇಳಲಿ: ಈ ಶಕ್ತಿ ಎಷ್ಟು ಸುತ್ತಿನಲ್ಲಿ? ಈ ಟಾರ್ಕ್ ಎಷ್ಟು ಸುತ್ತಿನಲ್ಲಿ? ಬಳಿಕ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಹತ್ತಿರದ ಏರೊಂದನ್ನು ನಿಧಾನವಾಗಿ ಹತ್ತಿ ನೋಡಲಿ. ಸಾಲದ ಕಂತು ಕಟ್ಟುವವರು ಅವರೇ ಆದ್ದರಿಂದ, ಪರೀಕ್ಷೆಯೂ ಅವರ ರಸ್ತೆಯಲ್ಲೇ ನಡೆಯಲಿ.