ಬೆಳೆ ರೋಗದ ವಿಡಿಯೊ: ಎಷ್ಟು ಕುಗ್ಗಿಸಬೇಕು, ಏನನ್ನು ಉಳಿಸಬೇಕು?



ಬೆಳೆಗೆ ಏನೋ ಆಗಿದೆ ಅಂತ ಗೊತ್ತಾದ ಕೂಡಲೇ ಈಗ ನಾವೆಲ್ಲ ಮೊದಲು ಮಾಡೋ ಕೆಲಸ ಜೇಬಿನಿಂದ ಫೋನ್ ತೆಗೆಯೋದು. ಆವಣಿ ಇರಲಿ, ಬೈರಕೂರು, ತಾಯಲೂರು, ದುಗ್ಗಸಂದ್ರ ಇರಲಿ, ಮುಳಬಾಗಿಲು ತಾಲ್ಲೂಕಿನ ಟೊಮೆಟೊ ತೋಟಗಳಿಂದ ದಿನವೂ ವಿಡಿಯೊಗಳು ಹೋಗುತ್ತವೆ. ತೋಟಗಾರಿಕೆ ಇಲಾಖೆಯವರಿಗೆ, ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ, ಔಷಧಿ ಅಂಗಡಿಗೆ. ಆ ಕಡೆಯಿಂದ ಬರುವ ಉತ್ತರ ಮಾತ್ರ ಎಷ್ಟೋ ಸಲ ಒಂದೇ: "ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಕಳಿಸಿ."

ಇದು ಸಣ್ಣ ವಿಷಯ ಅಲ್ಲ. ರಂಗೋಲಿ ಹುಳು ಟೊಮೆಟೊ ಎಲೆಯ ಮೇಲೆ ತೆಳ್ಳಗೆ, ಅಂಕುಡೊಂಕಾಗಿ ಬಿಳಿ ಗೆರೆ ಎಳೆಯುತ್ತೆ. ಟೂಟಾ ಹುಳು ಅದೇ ಎಲೆಯಲ್ಲಿ ಅಗಲವಾದ ಮಚ್ಚೆ ಮಾಡುತ್ತೆ, ಆಮೇಲೆ ಕಾಯಿಗೂ ಇಳಿಯುತ್ತೆ. ಎರಡನ್ನೂ ನಿಭಾಯಿಸುವ ದಾರಿ ಬೇರೆ ಬೇರೆ. ಮಸುಕಾದ ವಿಡಿಯೊದಲ್ಲಿ ಎರಡೂ ಬರೀ ಬಿಳಿ ಕಲೆ. ಹಾಗೇ ಎಲೆಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ ಕಂಡರೆ ಅದು ಬೇಗನೆ ಬರುವ ಅಂಗಮಾರಿ. ಉಂಗುರ ಕಾಣದೆ ಹೋದರೆ ನೋಡುವವರು ಊಹೆ ಮಾಡಬೇಕು. ಊಹೆ ತಪ್ಪಿದರೆ ಔಷಧಿ ಖರ್ಚೂ ಹೋಯ್ತು, ಮೂರ್ನಾಲ್ಕು ದಿನವೂ ಹೋಯ್ತು. 2023ರ ಜುಲೈನಂತೆ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿದ ಕಾಲದಲ್ಲಿ ಆ ಮೂರ್ನಾಲ್ಕು ದಿನದ ಬೆಲೆ ಎಷ್ಟು ಅಂತ ವಡ್ಡಹಳ್ಳಿ ಮಾರುಕಟ್ಟೆಗೆ ಹಣ್ಣು ಹಾಕಿದವರಿಗೆ ಹೇಳಬೇಕಾಗಿಲ್ಲ.

ಹಾಗಂತ ಇದ್ದ ವಿಡಿಯೊ ಹಾಗೇ ಕಳಿಸೋಣ ಅಂದರೆ ಫೈಲು ದೊಡ್ಡದು, ತೋಟದಲ್ಲಿ ಸಿಗ್ನಲ್ ಕಡಿಮೆ. ಆದ್ದರಿಂದ ವಿಡಿಯೊ ಕುಗ್ಗಿಸುವ ಲೆಕ್ಕವನ್ನು ಈ ವಾರ ತಿಳಿಯೋಣ.

ಫೈಲು ದೊಡ್ಡದಾಗುವುದು ಏಕೆ?

ವಿಡಿಯೊ ಅಂದರೆ ಸೆಕೆಂಡಿಗೆ 30 ಫೋಟೊ. 1080ಪಿ ವಿಡಿಯೊದ ಒಂದೊಂದು ಫೋಟೊದಲ್ಲೂ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. ಏನೂ ಕುಗ್ಗಿಸದೆ ಇಟ್ಟರೆ ಒಂದು ಸೆಕೆಂಡಿಗೇ 90 ಎಂ.ಬಿ. ಮೀರುತ್ತೆ. ಅಂದರೆ ಫೋನು ರೆಕಾರ್ಡ್ ಮಾಡುವಾಗಲೇ ಬಹಳಷ್ಟು ಕುಗ್ಗಿಸಿರುತ್ತೆ.

ಕುಗ್ಗಿಸುವ ಉಪಾಯ ಸರಳ. ಮೊದಲ ಫೋಟೊವನ್ನು ಪೂರ್ತಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುವುದು. ಹಾಗಾಗಿ ಅಲುಗಾಡದ ಎಲೆಗೆ ಕಡಿಮೆ ಜಾಗ ಸಾಕು. ಗಾಳಿಗೆ ಇಡೀ ತೋಟ ತೂಗುತ್ತಿದ್ದರೆ, ಅಥವಾ ನಾವೇ ಸಾಲಿನ ನಡುವೆ ನಡೀತಾ ತೆಗೆದರೆ ಎಲ್ಲವೂ ಬದಲಾಗುತ್ತಲೇ ಇರುತ್ತೆ, ಬರೆಯೋಕೆ ಜಾಗ ಸಾಲದು. ಆಗ ಮೊದಲು ಅಳಿಸಿ ಹೋಗುವುದು ಸಣ್ಣ ಸಣ್ಣ ವಿವರ. ನಮಗೆ ಬೇಕಾದ ಚುಕ್ಕೆ, ಗೆರೆ, ಹುಳು ಎಲ್ಲವೂ ಆ ಸಣ್ಣ ವಿವರಗಳೇ.

ಒಂದೇ ಲೆಕ್ಕ ನೆನಪಿಡಿ

ಒಂದು ಸೆಕೆಂಡಿನ ವಿಡಿಯೊಗೆ ಖರ್ಚಾಗುವ ಮಾಹಿತಿಗೆ ಬಿಟ್‌ರೇಟ್ ಅನ್ನುತ್ತಾರೆ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಫೈಲಿನ ಗಾತ್ರ ಸಿಗುತ್ತೆ. ಸೆಕೆಂಡಿಗೆ 16 ಮೆಗಾಬಿಟ್‌ನಲ್ಲಿ ತೆಗೆದ ವಿಡಿಯೊ ಸೆಕೆಂಡಿಗೆ 2 ಎಂ.ಬಿ., ನಿಮಿಷಕ್ಕೆ 120 ಎಂ.ಬಿ. ಆಗುತ್ತೆ.

ಈಗ ಇದನ್ನೇ ತಿರುಗಿಸಿ ನೋಡಿ. ಫೈಲು 20 ಎಂ.ಬಿ. ಒಳಗಿರಬೇಕು ಅಂದುಕೊಳ್ಳೋಣ. ವಿಡಿಯೊ 3 ನಿಮಿಷ ಇದ್ದರೆ ಸೆಕೆಂಡಿಗೆ 0.9 ಮೆಗಾಬಿಟ್ ಕೂಡ ಸಿಗಲ್ಲ, ಎಲೆಗಳೆಲ್ಲ ಕಲಸಿದ ಹಾಗಾಗುತ್ತವೆ. ಅದೇ 20 ಎಂ.ಬಿ.ಯಲ್ಲಿ 40 ಸೆಕೆಂಡಿನ ವಿಡಿಯೊಗೆ ಸೆಕೆಂಡಿಗೆ 4 ಮೆಗಾಬಿಟ್ ಸಿಗುತ್ತೆ. 720ಪಿಗೆ ಅದು ಚೆನ್ನಾಗಿ ಸಾಕು. ಆದ್ದರಿಂದ ಗುಣಮಟ್ಟ ಕಡಿಮೆ ಮಾಡುವ ಮೊದಲು ಸೆಕೆಂಡು ಕಡಿಮೆ ಮಾಡಿ. ಫೋನಿನ ಗ್ಯಾಲರಿಯಲ್ಲೇ ಟ್ರಿಮ್ ಇರುತ್ತೆ. ನಡೆದಾಡಿದ ಭಾಗ, ಬದು ತೋರಿಸಿದ ಭಾಗ ಕತ್ತರಿಸಿ ಹಾಕಿ.

ಹತ್ತಿರ ಹೋಗೋದು ದೊಡ್ಡ ಸೆಟ್ಟಿಂಗ್

4ಕೆಯಲ್ಲಿ ತೆಗೆದರೆ ಎಲ್ಲ ಕಾಣುತ್ತೆ ಅಂತ ಹಲವರ ನಂಬಿಕೆ. ಲೆಕ್ಕ ಬೇರೆ ಹೇಳುತ್ತೆ. ಒಂದು ಮೀಟರ್ ಅಗಲದ ಜಾಗವನ್ನು 1080ಪಿಯಲ್ಲಿ ತೆಗೆದರೆ ಅರ್ಧ ಸೆಂ.ಮೀ. ಚುಕ್ಕೆಗೆ ಅಡ್ಡಲಾಗಿ ಸಿಗೋದು ಬರೀ 10 ಚುಕ್ಕೆ ಜಾಗ. 10 ಸೆಂ.ಮೀ. ಅಗಲ ಮಾತ್ರ ಕಾಣುವಂತೆ ಹತ್ತಿರದಿಂದ, 480ಪಿಯಲ್ಲೇ ತೆಗೆದರೂ ಅದೇ ಚುಕ್ಕೆಗೆ 40ಕ್ಕೂ ಹೆಚ್ಚು ಸಿಗುತ್ತೆ. ದೂರದ ದೊಡ್ಡ ಫೈಲಿಗಿಂತ ಹತ್ತಿರದ ಸಣ್ಣ ಫೈಲೇ ರೋಗ ಚೆನ್ನಾಗಿ ತೋರಿಸುತ್ತೆ.

ತೀರಾ ಹತ್ತಿರ ಹೋದರೆ ಫೋಕಸ್ ತಪ್ಪುತ್ತೆ. ಪರದೆ ಮೇಲೆ ಎಲೆಯನ್ನು ಒಮ್ಮೆ ಮುಟ್ಟಿ, ಚೂಪಾದ ಮೇಲೆ ರೆಕಾರ್ಡ್ ಒತ್ತಿ. ಎಲೆಯನ್ನು ಅಂಗೈ ಮೇಲಿಟ್ಟು ಹಿಡಿದರೆ ಅಲುಗಾಟವೂ ನಿಲ್ಲುತ್ತೆ, ಹಿಂದಿನ ಸೊಪ್ಪೂ ಮರೆಯಾಗುತ್ತೆ. ಮಬ್ಬು ಬೆಳಕಿನಲ್ಲಿ ಚಿತ್ರದ ತುಂಬ ಕಾಳುಕಾಳಾಗಿ ಕಾಣುತ್ತಲ್ಲ, ಅದೂ ಜಾಗ ತಿನ್ನುತ್ತೆ. ಬೆಳಗಿನ ಒಳ್ಳೆ ಬೆಳಕಿನಲ್ಲಿ ತೆಗೆಯಿರಿ.

ಯಾವುದಕ್ಕೆ ಯಾವ ಸೆಟ್ಟಿಂಗ್?

- ಎಲೆಚುಕ್ಕೆ, ಕಾಯಿ ತೂತು, ಎಲೆ ಮುದುಡು: ವಿಡಿಯೊಗಿಂತ ಎರಡು ಮೂರು ಫೋಟೊ ಮೇಲು. ಎಲೆಯ ಮೇಲ್ಭಾಗ ಒಂದು, ಅಡಿಭಾಗ ಒಂದು, ಇಡೀ ಗಿಡದ್ದು ಒಂದು.
- ಬಿಳಿ ನೊಣ ಹಾರೋದು, ಹುಳು ಹರಿದಾಡೋದು: 1080ಪಿ, 30 ಫ್ರೇಮ್, 15 ಸೆಕೆಂಡು.
- ಹಸು ಕುಂಟೋದು: 720ಪಿ ಸಾಕು, ಆದರೆ 30 ಫ್ರೇಮ್ ಇರಲಿ. ಫ್ರೇಮ್ ಇಳಿಸಿದರೆ ಹೆಜ್ಜೆ ಇಡೋ ರೀತಿ ತಿಳಿಯಲ್ಲ.
- ಪಂಪು, ಮೋಟರಿನ ಶಬ್ದ: 480ಪಿ ಆದರೂ ಪರವಾಗಿಲ್ಲ. ಧ್ವನಿಯನ್ನು ಮಾತ್ರ ತೆಗೆಯಬೇಡಿ.
- 60 ಫ್ರೇಮ್, 4ಕೆ: ಇವುಗಳಿಗೆ ಬೇಡ. 4ಕೆಯಲ್ಲಿ 1080ಪಿಯ ನಾಲ್ಕರಷ್ಟು ಚುಕ್ಕೆಗಳಿರುತ್ತವೆ, ಫೈಲೂ ಹಾಗೇ ಬೆಳೆಯುತ್ತೆ.

ವಾಟ್ಸ್‌ಆ್ಯಪ್‌ನಲ್ಲಿ ಮೂರು ದಾರಿ

ಸುಮ್ಮನೆ ಕಳಿಸಿದರೆ ವಾಟ್ಸ್‌ಆ್ಯಪ್ ತಾನೇ ವಿಡಿಯೊವನ್ನು ಚೆನ್ನಾಗಿ ಕುಗ್ಗಿಸುತ್ತೆ. ಕಳಿಸುವ ಮುಂಚೆ ಮೇಲ್ಗಡೆ ಕಾಣುವ ಎಚ್‌ಡಿ ಗುರುತು ಒತ್ತಿದರೆ ಇನ್ನಷ್ಟು ವಿವರ ಉಳಿಯುತ್ತೆ. 2023ರಿಂದ ಈ ಸೌಲಭ್ಯ ಇದೆ. ಮೂರನೆಯದು, ಲಗತ್ತಿಸುವ ಪಿನ್ ಒತ್ತಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸೋದು. ಆಗ 2 ಜಿ.ಬಿ.ವರೆಗಿನ ಫೈಲು ಇದ್ದ ಹಾಗೇ ಹೋಗುತ್ತೆ. 15 ಸೆಕೆಂಡಿಗೆ ಟ್ರಿಮ್ ಮಾಡಿದ ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಸುಮಾರು 30 ಎಂ.ಬಿ. ರೋಗ ತೋರಿಸೋಕೆ ಇದೇ ಒಳ್ಳೆ ದಾರಿ. ಸಿಗ್ನಲ್ ಇಲ್ಲದಿದ್ದರೆ ಎಚ್‌ಡಿ ಸಾಕು.

ಒಬ್ಬರು ಕಳಿಸಿದ ವಿಡಿಯೊ ಇಳಿಸಿಕೊಂಡು ಮತ್ತೆ ಹೊಸದಾಗಿ ಹಾಕಿದರೆ ಅದು ಇನ್ನೊಮ್ಮೆ ಕುಗ್ಗುತ್ತೆ. ಹೋದ ವಿವರ ಮತ್ತೆ ಬರಲ್ಲ. ಆದ್ದರಿಂದ ಮೂಲ ವಿಡಿಯೊ ನಿಮ್ಮ ಫೋನಿನಲ್ಲೇ ಇರಲಿ, ಸಲಹೆ ಸಿಗುವ ತನಕ ಅಳಿಸಬೇಡಿ.

ಕಂಪ್ಯೂಟರ್ ಇದ್ದವರಿಗೆ

ತೋಟದ ಕೆಲಸಗಳನ್ನು ಯೂಟ್ಯೂಬಿಗೆ ಹಾಕೋ ಯುವಕರು, ಸಂಘದಲ್ಲಿ ತರಬೇತಿ ವಿಡಿಯೊ ಇಟ್ಟುಕೊಳ್ಳುವವರು ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ತಂತ್ರಾಂಶ ಬಳಸಬಹುದು. ಅದರಲ್ಲಿ ಗುಣಮಟ್ಟಕ್ಕೆ ಆರ್‌ಎಫ್ ಅನ್ನೋ ಒಂದು ಅಂಕಿ ಇದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. 1080ಪಿಗೆ 20ರಿಂದ 24ರ ನಡುವೆ ಇಡಿ. ಸುಮಾರು 6 ಅಂಕಿ ಹೆಚ್ಚಿಸಿದರೆ ಫೈಲು ಹೆಚ್ಚುಕಡಿಮೆ ಅರ್ಧ ಆಗುತ್ತೆ. ಗಾತ್ರ ಇಷ್ಟೇ ಇರಬೇಕು ಅನ್ನೋದಿದ್ದರೆ ಮಾತ್ರ ಬಿಟ್‌ರೇಟ್ ಕೊಡಿ. ಉಳಿದಂತೆ ಆರ್‌ಎಫ್ ಮೇಲು, ಏಕೆಂದರೆ ಅಲುಗಾಡದ ದೃಶ್ಯಕ್ಕೆ ಕಡಿಮೆ, ಅಲುಗಾಡುವ ದೃಶ್ಯಕ್ಕೆ ಹೆಚ್ಚು ಜಾಗವನ್ನು ಅದೇ ಹಂಚಿಕೊಳ್ಳುತ್ತೆ.

ಎಚ್.264, ಎಚ್.265 ಅಂತ ಎರಡು ಬಗೆ ಕಾಣುತ್ತವೆ. ಎಚ್.265ರಲ್ಲಿ ಅದೇ ಗುಣಮಟ್ಟಕ್ಕೆ ಫೈಲು ಚಿಕ್ಕದು, ಆದರೆ ತಯಾರಾಗೋಕೆ ಹೊತ್ತು ಹಿಡಿಯುತ್ತೆ, ಕೆಲವು ಹಳೇ ಫೋನುಗಳಲ್ಲಿ ಓಡಲ್ಲ. ಬೇರೆಯವರಿಗೆ ಕಳಿಸೋದಕ್ಕೆ ಎಚ್.264, ನಮ್ಮಲ್ಲೇ ಇಟ್ಟುಕೊಳ್ಳೋದಕ್ಕೆ ಎಚ್.265.

ಕಳಿಸುವ ಮುಂಚೆ ಒಂದು ಪರೀಕ್ಷೆ

ಕುಗ್ಗಿಸಿದ ವಿಡಿಯೊವನ್ನು ಮೊದಲು ಮನೆಯವರ ಫೋನಿಗೆ ಕಳಿಸಿ ಅಲ್ಲಿ ನೋಡಿ. ರೋಗ ಇರೋ ಜಾಗದಲ್ಲಿ ನಿಲ್ಲಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ. ಗೆರೆ ಗೆರೆಯಾಗಿ, ಉಂಗುರ ಉಂಗುರವಾಗಿ ಕಂಡರೆ ಅಷ್ಟು ಕುಗ್ಗಿಸಿದ್ದು ಸರಿ. ನಿಮಗೇ ಕಾಣದಿದ್ದರೆ ನೋಡುವವರಿಗೂ ಕಾಣಲ್ಲ, ಇನ್ನೊಮ್ಮೆ ಹತ್ತಿರದಿಂದ ತೆಗೆಯಿರಿ.

ವಿಡಿಯೊ ಜೊತೆಗೆ ನಾಲ್ಕು ಮಾತು ಬರೆಯೋದು ಮರೀಬೇಡಿ: ಯಾವ ತಳಿ, ನಾಟಿ ಮಾಡಿ ಎಷ್ಟು ದಿನ, ಎಷ್ಟು ಗಿಡಕ್ಕೆ ಬಂದಿದೆ, ಈಗಾಗಲೇ ಏನು ಹೊಡೆದಿದ್ದೀರಿ. ಇದಕ್ಕೆ ಒಂದು ಎಂ.ಬಿ.ಯೂ ಬೇಡ. ನೆಟ್‌ವರ್ಕ್ ಏನೂ ಸಿಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ, ಇದೇ ವಿವರಗಳನ್ನು ಕನ್ನಡದಲ್ಲೇ ಹೇಳಬಹುದು.