ಮನೆಯ ವಿನ್ಯಾಸದಲ್ಲಿ ಗಾಳಿ ಮತ್ತು ಹವಾಮಾನ: ರಾಮಗಿರಿ ಭಾಗದ ವಸತಿ ಫಲಾನುಭವಿಗಳಿಗೆ ಮಾಹಿತಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಹೋಬಳಿಯು ಪಶ್ಚಿಮ ಘಟ್ಟಗಳ ಮಳೆನೆರಳಿನ ಬಯಲುಸೀಮೆಗೆ ಸೇರಿದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸುಡುಬಿಸಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಹಾಗೂ ನೈಋತ್ಯ ದಿಕ್ಕಿನ ಬಲವಾದ ಗಾಳಿ ಇಲ್ಲಿನ ಲಕ್ಷಣ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ವಿದ್ಯುತ್ ಉತ್ಪಾದಿಸುವ ಈ ಗಾಳಿಯಿಂದ ವಾಸದ ಮನೆಗೂ ಪ್ರಯೋಜನವುಂಟು.

ಜಿಲ್ಲೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ಹಾಸಿದ ದಪ್ಪ ಮಣ್ಣು ಮತ್ತು ಕಲ್ಲು-ಮಣ್ಣಿನ ಗೋಡೆಗಳು ಬಿಸಿಲಿನ ಶಾಖವು ಒಳಸೇರುವುದನ್ನು ಹಲವು ಗಂಟೆ ತಡೆಯುತ್ತವೆ. ಗವಾಕ್ಷಿಯ ಮೂಲಕ ಬಿಸಿಗಾಳಿ ಹಾಗೂ ಹೊಗೆ ಮೇಲಕ್ಕೆ ಹೋಗುತ್ತವೆ. ಆದರೆ ಈ ಮನೆಗಳಲ್ಲಿ ಕಿಟಕಿ ಕಡಿಮೆ, ಕತ್ತಲೆ ಹೆಚ್ಚು. ಅವುಗಳನ್ನು ಯಥಾವತ್ ಅನುಕರಿಸಬೇಕೆಂದಿಲ್ಲ.

ಇಂದಿನ ಆರ್.ಸಿ.ಸಿ. ಚಾವಣಿಯು ಹಗಲೆಲ್ಲ ಕಾದು, ರಾತ್ರಿ ಆ ಶಾಖವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಸೆಕೆ ತಾಳಲಾರದವರು ಜಗಲಿಯಲ್ಲಿ ಮಲಗಬಹುದು. ಹಾಸಿಗೆ ಹಿಡಿದ ವೃದ್ಧರಿಗೆ, ಬಾಣಂತಿ ಹಾಗೂ ಹಸುಗೂಸಿಗೆ ಆ ಅನುಕೂಲವಿಲ್ಲ. ಚಾವಣಿಯ ಮೇಲೆ ಸುಣ್ಣ ಬಳಿಯುವುದು ಕಡಿಮೆ ಖರ್ಚಿನ ಉಪಾಯ. ಇದಕ್ಕಿಂತಲೂ ಮುಖ್ಯವಾದುದು ಕಿಟಕಿಯ ಸ್ಥಾನ.

ಶುಷ್ಕ ಉಷ್ಣ ಪ್ರದೇಶಗಳಲ್ಲಿ ಕೋಣೆಯ ನೆಲದ ವಿಸ್ತೀರ್ಣದ ಕನಿಷ್ಠ 1/10 ಭಾಗದಷ್ಟು ಕಿಟಕಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ತಿಳಿಸುತ್ತದೆ. ಅಂದರೆ 100 ಚದರ ಅಡಿಯ ಕೋಣೆಗೆ 10 ಚದರ ಅಡಿ. ಇದನ್ನು ಒಂದೇ ಗೋಡೆಯಲ್ಲಿಟ್ಟರೆ ಗಾಳಿ ಒಳಬಂದರೂ ಹೊರಹೋಗಲು ದಾರಿಯಿರುವುದಿಲ್ಲ. ಎದುರುಬದುರು ಗೋಡೆಗಳಲ್ಲಿ ಹಂಚುವುದು ಸೂಕ್ತ. ಒಂದು ಬದಿಗೆ ನೆರೆಮನೆ ತಾಗಿದ್ದಲ್ಲಿ ಬೇರೊಂದು ಹೊರಗೋಡೆಯಲ್ಲಿ ಚಾವಣಿಯ ಸಮೀಪ ಬೆಳಕಿಂಡಿ ಇಡಬಹುದು. ನೆಲದ ಮೇಲೆ ಮಲಗುವ ಮನೆಗಳಲ್ಲಿ ಕಿಟಕಿಯೂ ತಗ್ಗಿನಲ್ಲಿರಬೇಕು. ಇಲ್ಲವಾದರೆ ಗಾಳಿ ಮಲಗಿದವರ ಮೇಲಿನಿಂದ ಹಾದುಹೋಗುತ್ತದೆ.

ಪಶ್ಚಿಮದ ಕಿಟಕಿಯಿಂದ ಗಾಳಿಯೊಡನೆ ಇಳಿಬಿಸಿಲು, ಇರಚಲು ಸಹ ಬರುತ್ತವೆ. ಗಾಳಿ ನೇರವಾಗಿಯೇ ಬೀಸಬೇಕಿಲ್ಲ, ಓರೆಯಾಗಿ ಬಂದರೂ ಸಾಕಾಗುವುದರಿಂದ ದಕ್ಷಿಣದ ಗೋಡೆಯಲ್ಲಿ ಸಜ್ಜಾ ಸಹಿತ ಕಿಟಕಿ ಇಡುವುದು ಉತ್ತಮ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಆ ಗೋಡೆಗೆ ಬಿಸಿಲು ಕಡಿಮೆ. ಅಡುಗೆಮನೆ ಪೂರ್ವದ ಕಡೆಗಿದ್ದರೆ ಮಳೆಗಾಲದ ಗಾಳಿಯು ಹೊಗೆಯನ್ನು ಹೊರಕ್ಕೊಯ್ಯುತ್ತದೆ. ರೂಢಿಯ ಆಗ್ನೇಯ ಮೂಲೆಯೂ ಇದಕ್ಕೆ ಹೊಂದುತ್ತದೆ. ಕಡುಬೇಸಿಗೆಯ ಮಧ್ಯಾಹ್ನ ಕಿಟಕಿಗಳನ್ನು ಮುಚ್ಚಿ, ಸಂಜೆ ತಂಪಾದ ನಂತರ ತೆರೆಯತಕ್ಕದ್ದು.

ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ, ಅಡುಗೆಯ ಸ್ಥಳವೂ ಸೇರಿ, 25 ಚದರ ಮೀಟರ್. ಗುತ್ತಿಗೆದಾರರಿಗೆ ವಹಿಸದೆ ಫಲಾನುಭವಿಗಳೇ ನಿರ್ಮಿಸಿಕೊಳ್ಳಬೇಕಾದುದರಿಂದ ಕಿಟಕಿಯ ನಿರ್ಧಾರವೂ ಅವರದೇ. ಅದನ್ನು ತಳಪಾಯದ ಹಂತದಲ್ಲಿಯೇ ಮೇಸ್ತ್ರಿಗೆ ತಿಳಿಸುವುದು. ಗೋಡೆ ಎದ್ದ ಮೇಲೆ ಒಡೆದು ಕೂರಿಸುವುದು ದುಬಾರಿ.