ಬಿಳುಪೇರುವ ಬೆರಳುಗಳು: ಧಣಿಯ ವಾದ, ದುಡಿದವನ ಲೆಕ್ಕ

ಕಲ್ಲು ಕೊರೆಯುವ ಡ್ರಿಲ್, ಮರ ಕೊಯ್ಯುವ ಯಂತ್ರಗರಗಸ, ತೋಟದ ಹುಲ್ಲು ಕತ್ತರಿಸುವ ಯಂತ್ರ, ಕಬ್ಬಿಣ ಉಜ್ಜುವ ಗ್ರೈಂಡರ್, ಇವೆಲ್ಲವೂ ಕೈಯಲ್ಲಿ ಹಿಡಿದಾಗ ನಡುಗುತ್ತವೆ. ಈ ನಡುಕವನ್ನು ವರ್ಷಗಟ್ಟಲೆ ಉಂಡ ಕೈಯ ಸಣ್ಣ ನರಗಳೂ ರಕ್ತನಾಳಗಳೂ ಕೆಡುತ್ತವೆ. ಮೊದಲು ಬೆರಳು ಜುಮುಗುಟ್ಟುತ್ತದೆ, ಆಮೇಲೆ ಮರಗಟ್ಟುತ್ತದೆ. ಚಳಿಗೆ ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿ, ರಕ್ತ ಮರಳುವಾಗ ಕೆಂಪೇರಿ ಉರಿಯುತ್ತದೆ. ರೋಗ ಬಲಿತವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವೇ.

ಇದೇನೂ ಹೊಸ ರೋಗವಲ್ಲ. 1918ರಲ್ಲಿಯೇ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯೊತ್ತಡದ ಸುತ್ತಿಗೆ ಬಳಸುವ ಕಲ್ಲುಕುಟಿಗರ ಕೈಗಳನ್ನು ನೋಡಿ ಬರೆದಿಟ್ಟಿದ್ದರು. ಉಳಿ ಹಿಡಿಯುವ ಎಡಗೈಗೇ ಹೆಚ್ಚು ಪೆಟ್ಟು ಬಿದ್ದಿತ್ತು. ಹಾಗಿದ್ದರೂ ಬ್ರಿಟನ್ ಇದನ್ನು ಕಸುಬಿನ ರೋಗಗಳ ಸರಕಾರಿ ಪಟ್ಟಿಗೆ ಸೇರಿಸಿದ್ದು 1985ರಲ್ಲಿ!

ಆ ದೇಶದ ಕಲ್ಲಿದ್ದಲು ಗಣಿಗಾರರು ಪರಿಹಾರ ಕೇಳಿ ಬ್ರಿಟಿಷ್ ಕೋಲ್ ಎಂಬ ಸರಕಾರಿ ನಿಗಮದ ಮೇಲೆ ದಾವೆ ಹೂಡಿದರು. ಇಂಥ ದಾವೆಗಳಲ್ಲಿ ಧಣಿಗಳ ಕಡೆಯ ವಕೀಲರು ಹಿಡಿಯುವ ಮೊದಲ ವಾದ, "ಆ ಕಾಲದಲ್ಲಿ ಈ ಅಪಾಯ ನಮಗೆ ಗೊತ್ತಿರಲಿಲ್ಲ" ಎಂಬುದು. 1996ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರು ನಿಗಮಕ್ಕೆ ಗೊತ್ತಿತ್ತೇ ಎಂದಷ್ಟೇ ಕೇಳಲಿಲ್ಲ, ಯಾವಾಗ ಗೊತ್ತಿರಬೇಕಿತ್ತು ಎಂದು ಕೇಳಿದರು. 1973ರ ಹೊತ್ತಿಗೆ ತಿಳಿದಿರಬೇಕಿತ್ತು, 1975ರಿಂದ ಕೆಲಸಗಾರರನ್ನು ಎಚ್ಚರಿಸಿ ಕೈ ತಪಾಸಣೆ ನಡೆಸಬೇಕಿತ್ತು ಎಂದು ತೀರ್ಮಾನವಾಯಿತು. ಮೇಲ್ಮನವಿಯಿಂದಲೂ ನಿಗಮ ಹೊಣೆ ಕಳಚಿಕೊಳ್ಳಲಾಗಲಿಲ್ಲ. 1999ರಲ್ಲಿ ಸರಕಾರವೇ ಪರಿಹಾರ ಯೋಜನೆಗೆ ಒಪ್ಪಿತು. ಸುಮಾರು 1 ಲಕ್ಷ 70 ಸಾವಿರ ಅರ್ಜಿಗಳು ಬಂದವು. (ಗಣಿಗಾರರ ಹಣದಲ್ಲಿ ಪಾಲು ಹೊಡೆದ ಕೆಲವು ವಕೀಲರು ಮುಂದೆ ಶಿಸ್ತುಕ್ರಮಕ್ಕೆ ಗುರಿಯಾದರು. ಹಣ ಇದ್ದಲ್ಲಿ ಹದ್ದುಗಳೂ ಇರುತ್ತವೆ.)

ಧಣಿಗಳ ಉಳಿದ ವಾದಗಳನ್ನೂ ತಿಳಿದಿರುವುದು ಒಳ್ಳೆಯದು. ಬೆರಳು ಬಿಳುಪೇರುವುದು ಹುಟ್ಟಿನಿಂದ ಬಂದ ಗುಣ, ಇಲ್ಲವೇ ಬೀಡಿ ಸಿಗರೇಟಿನ ಫಲ ಎಂಬುದೊಂದು. ಇದು ಪೂರಾ ಸುಳ್ಳಲ್ಲ. ಯಂತ್ರ ಮುಟ್ಟದ ಎಷ್ಟೋ ಜನರಿಗೂ ಚಳಿಗೆ ಬೆರಳು ಬೆಳ್ಳಗಾಗುವುದುಂಟು. ಕಾಲಮಿತಿಯದು ಇನ್ನೊಂದು. ಅಲ್ಲಿಯ ಕಾನೂನಿನಂತೆ ರೋಗವೂ ಅದರ ಕಾರಣವೂ ತಿಳಿದಂದಿನಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು.

ಆದರೆ ಬಹಳ ಗಟ್ಟಿಯಾದ ವಾದ ಸಮಯದ್ದು. "ದಿನಕ್ಕೆ ಎಂಟು ಗಂಟೆ ಯಂತ್ರ ಹಿಡಿದೆ" ಎನ್ನುತ್ತಾನೆ ಕೆಲಸಗಾರ. ಹಿಡಿದದ್ದು ನಿಜ, ಆದರೆ ಗುಂಡಿ ಒತ್ತಿ ಯಂತ್ರ ನಡುಗಿದ್ದು ಎಷ್ಟು ಹೊತ್ತು? ಅಳೆದು ನೋಡಿದರೆ ಒಂದೆರಡು ಗಂಟೆಯೇ ಇರಬಹುದು. ಇಲ್ಲಿ ಧಣಿಯ ಮಾತಿಗೂ ತೂಕವಿದೆ ಎಂದು ಒಪ್ಪಬೇಕು. ಆದರೆ ಆ ಒಂದೆರಡು ಗಂಟೆಯೂ ಕಡಮೆಯಲ್ಲ. ಬ್ರಿಟನ್ನಿನ 2005ರ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ ನಡುಕ 2.5 ದಾಟಿದರೆ ಧಣಿ ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು; 5 ದಾಟಲೇಬಾರದು. (ಇದು ಸೆಕೆಂಡಿನ ವರ್ಗಕ್ಕೆ ಮೀಟರ್ ಎಂಬ ಅಳತೆ.) ನಡುಕ 5 ಇರುವ ಯಂತ್ರ ಎರಡು ಗಂಟೆಯಲ್ಲಿ ಮೊದಲ ಮಟ್ಟ ಮುಟ್ಟುತ್ತದೆ. ನಡುಕ 10 ಆದರೆ ಅರ್ಧ ಗಂಟೆ ಸಾಕು. ನಡುಕ ಇಮ್ಮಡಿಯಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ.

ನಮ್ಮ ಓದುಗರಲ್ಲಿಯೂ ತೋಟದಲ್ಲಿ, ಕಲ್ಲುಕೋರೆಯಲ್ಲಿ ಇಂಥ ಯಂತ್ರ ಹಿಡಿಯುವವರಿದ್ದಾರೆ. ಸೆಕೆಯ ನಾಡಿನಲ್ಲಿ ಬೆರಳು ಬಿಳುಪೇರುವುದು ಅಪರೂಪ, ಜುಮು ಮತ್ತು ಮರಗಟ್ಟುವಿಕೆಯೇ ಹೆಚ್ಚು. ಬಣ್ಣ ಬದಲಾಗಲಿಲ್ಲವೆಂದು ರೋಗವಿಲ್ಲ ಎನ್ನುವಂತಿಲ್ಲ. ನೀಲಗಿರಿ, ವಯನಾಡಿನ ಬೆಳಗಿನ ಚಳಿಯಲ್ಲಿ ಕೆಲಸಕ್ಕೆ ಇಳಿಯುವವರು ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಲಿ. ಕೈಚೀಲ ಬೆಚ್ಚಗಿಡುತ್ತದೆ ನಿಜ, ನಡುಕವನ್ನು ಮಾತ್ರ ಹೆಚ್ಚೇನೂ ತಡೆಯದು. ಗರಗಸದ ಹಲ್ಲು ಹರಿತವಿರಲಿ, ಹಿಡಿಕೆಯ ರಬ್ಬರ್ ಸವೆದರೆ ಬದಲಿಸಿರಿ, ಯಂತ್ರವನ್ನು ಬಿಗಿಯಾಗಿ ಒತ್ತಿ ಹಿಡಿಯಬೇಡಿರಿ, ಇಬ್ಬರಿದ್ದರೆ ಸರದಿ ಮಾಡಿಕೊಳ್ಳಿರಿ. ಹೊಗೆ ಸೇದುವವರು ಅದನ್ನು ಬಿಟ್ಟರೆ ಬೆರಳಿಗೂ ಲಾಭ. ಬೇಗನೆ ಯಂತ್ರ ಬಿಟ್ಟವರಲ್ಲಿ ಬಿಳುಪು ಕೆಲಮಟ್ಟಿಗೆ ಇಳಿಯುವುದುಂಟು. ಕೆಟ್ಟ ನರ ಹೆಚ್ಚಾಗಿ ಸುಧಾರಿಸದು.

ಒಂದು ಸಣ್ಣ ಪುಸ್ತಕದಲ್ಲಿ ಯಾವ ಯಂತ್ರ, ಯಾವ ದಿನ, ನಿಜವಾಗಿ ಓಡಿಸಿದ್ದು ಎಷ್ಟು ನಿಮಿಷ, ಕೈ ಜುಮುಗುಟ್ಟಿದ್ದು ಯಾವಾಗ ಎಂದು ಬರೆದಿಡಿರಿ. ಡಾಕ್ಟರರ ಬಳಿ ಹೋದಾಗ ಕೈ ಮಾತ್ರ ತೋರಿಸದೆ ಆ ಪುಸ್ತಕವನ್ನೂ ತೋರಿಸಿರಿ. ರಾತ್ರಿ ಕೈ ಮರಗಟ್ಟುವುದಕ್ಕೆ ಸಕ್ಕರೆ ರೋಗ, ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು ಮುಂತಾದ ಬೇರೆ ಕಾರಣಗಳೂ ಇವೆ. ಯಾವುದು ಎಂದು ವಿಂಗಡಿಸಲು ಅವರಿಗೆ ಆ ಲೆಕ್ಕ ಬೇಕಾಗುತ್ತದೆ.